ಏಳು ಕೌದಿಗಳ ಜಕಾತಿ

ಪರದೇಶಕ್ಕೆ ಹೋಗಿ ಬಂದವರು ಮಾತಾಡುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ. ಅವರು ಹಡಗಿನ ಮಾತು ತೆಗೆದರೆ ನಾನು ಚಕ್ಕಡಿಯ ಮಾತು ತೆಗೆಯುತ್ತೇನೆ. ಅವರು ಬಂದರಿನಲ್ಲಿ ತಮ್ಮ ಟ್ರಂಕು ತೆಗೆಸಿದ ಕಥೆ ಹೇಳಿದರೆ ನಾನು ತೊರಗಲ್ಲಿನ ಆಚೆ ನಮ್ಮ ಗಂಟು ಬಿಚ್ಚಿಸಿದ ಕಥೆ ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ. ನಾನು ಮಾಸ್ತರಿಕೆ ಮಾಡುತ್ತಿದ್ದ ಮನೋಳಿ ಆಗ ಇಂಗ್ಲಿಷರ ಸರಕಾರಕ್ಕೆ ಸೇರಿತ್ತು. ರಾಮದುರ್ಗ ಬೇರೆ ಸಂಸ್ಥಾನ. ನಡುವಿನ ಹಳ್ಳಿಗಳಲ್ಲಿ ಒಂದು ಒಬ್ಬ ರಾಜರದು, ಇನ್ನೊಂದು ಮತ್ತೊಬ್ಬರದು. ಒಂದು ಎಮ್ಮೆ ಬಾಯಿಯನ್ನು ಒಂದು ರಾಜ್ಯದಲ್ಲಿಟ್ಟು ಬಾಲವನ್ನು ಇನ್ನೊಂದು ರಾಜ್ಯದಲ್ಲಿ ಆಡಿಸುತ್ತ ಮೇಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಡಿ ಬಂದಲ್ಲೆಲ್ಲ ಒಂದು ನಾಕೆ ಇರುತ್ತಿತ್ತು. ನಾಕೆ ಎಂದರೆ ಒಂದು ಹುಣಸೆಮರ, ರಸ್ತೆಗೆ ಅಡ್ಡವಾಗಿ ಒಂದು ಬಿದಿರು, ಒಂದು ಗುಡಿಸಲು, ಅದರೊಳಗೆ ಜಕಾತಿ ಎಂಬ ಸುಂಕ ವಸೂಲಿ ಮಾಡುವ ನಾಕೇದಾರ ಮತ್ತು ಅವನಿಗಿಂತ ದಪ್ಪನಾದ ಒಂದು ಪುಸ್ತಕ. ನಾನು ಸಿಕ್ಕಿಬಿದ್ದ ನಾಕೆ ಯಾವ ರಾಜರದೆಂದು ಮಾತ್ರ ಹೇಳುವುದಿಲ್ಲ. ಆ ನಾಕೇದಾರರ ಮೊಮ್ಮಕ್ಕಳು ಬೈಲಹೊಂಗಲದಲ್ಲಿ ವಕೀಲರಾಗಿದ್ದಾರೆ.

ನನ್ನಲ್ಲಿ ಒಂದು ಚಟವಿದೆ. ಎಲೆ ಅಡಿಕೆಯದಲ್ಲ, ನಶ್ಯದ್ದಲ್ಲ, ಬರೆಯುವ ಚಟ. ನಮ್ಮದು ಶಾಸ್ತ್ರಿಗಳ ಮನೆತನ. ನಮ್ಮ ಅಜ್ಜ ಪೋಥಿಗಳನ್ನು ನಕಲು ಮಾಡಿ ಮಾಡಿ ಬೆನ್ನು ಬಗ್ಗಿಸಿಕೊಂಡವರು. ಆ ಬೆನ್ನು ನನಗೆ ಬರಲಿಲ್ಲ, ಕೈ ಮಾತ್ರ ಬಂತು. ಸಂತೆಗೆ ಹೊರಟರೂ ನಾನು ಯಾದಿ ಬರೆಯುತ್ತಿದ್ದೆ. ಬದನೆಕಾಯಿ ಎಂದು ಬರೆದರೆ ಸಾಲದು, ಮುಳ್ಳಿನವು, ಮುಳ್ಳಿಲ್ಲದವು ಎಂದು ಎರಡು ಸಾಲು. ಯಾದಿ ಮುಗಿಯುವಷ್ಟರಲ್ಲಿ ಸಂತೆ ಮುಗಿದಿರುತ್ತಿತ್ತು. ನಮ್ಮ ಮನೆಯಾಕೆ ಅಂಬಕ್ಕ ಒಮ್ಮೆ ಸಿಟ್ಟಿಗೆದ್ದು, “ನಿಮ್ಮ ಕೈಯಾಗ ಟಾಕು ದೌತಿ ಕೊಟ್ರ ಇದ್ದ ಕೆಲಸ ಎರಡಾಗ್ತದ. ಬರೀಗೈಲೆ ಹೋಗಿ ಬರ್ರಿ” ಎಂದು ದೌತಿಯನ್ನು ಅಡಿಗೆಮನೆಯ ನಾಗೊಂದಿಗೆಯ ಮೇಲಿಟ್ಟಿದ್ದಳು. ನಾನು ಏಣಿ ಹಾಕಿ ಇಳಿಸಿಕೊಂಡೆ. ಅವಳ ಮಾತು ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ, ನನ್ನ ಮರ್ಯಾದೆ ಇರುತ್ತಿತ್ತು.

ನಮ್ಮ ಓಣಿಯ ತುದಿಗೆ ಫಕೀರವ್ವ ಎಂಬ ಒಕ್ಕಲಗಿತ್ತಿ ಇದ್ದಳು. ಹೊಲದಲ್ಲಿ ಗಂಡಸರ ಸಮಕ್ಕೆ ದುಡಿದವಳು. ಐವತ್ತು ದಾಟಿದ ಮೇಲೆ ಬೆನ್ನು ಹಿಡಿದುಕೊಂಡಿತು, ಬಗ್ಗಿ ಕಳೆ ಕೀಳಲು ಆಗದಾಯಿತು. ಕುಳಿತು ಉಣ್ಣುವುದು ಅವಳ ಜಾಯಮಾನವಲ್ಲ. ಸೊಸೆ ಬಡಿಸಿದ ಪ್ರತಿ ರೊಟ್ಟಿಯನ್ನೂ ಅಪರಾಧಿಯ ಹಾಗೆ ನೋಡುತ್ತಿದ್ದಳು. ಕಡೆಗೆ ಕೌದಿ ಹೊಲಿಯತೊಡಗಿದಳು. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಕುಲಾಯಿ, ಏನು ಕೊಟ್ಟರೂ ಅವಳ ಕೈಯಲ್ಲಿ ಹೂವಾಗಿ, ತ್ರಿಕೋನವಾಗಿ, ಕೂಡಿಕೊಳ್ಳುತ್ತಿತ್ತು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತಿತ್ತು. ಅವಳದೊಂದು ಕಟ್ಟುನಿಟ್ಟು ಇತ್ತು. ಕೌದಿಯ ಒಂದು ಮೂಲೆಯನ್ನು ತೆರೆದಿಟ್ಟು, ಎಲ್ಲ ಮುಗಿದ ಮೇಲೆ ಅದರೊಳಗೆ ಒಂದು ತುಣುಕು ರೊಟ್ಟಿ ಇಟ್ಟು ಮುಚ್ಚಿ ಹೊಲಿಯುವುದು. ಲಗ್ನದ ಕೌದಿಯಾದರೆ ಹೋಳಿಗೆ. ಕೌದಿಗೆ ಉಣಿಸುವುದು ಎಂದೇ ಹೆಸರು ಇದಕ್ಕೆ. “ಹಸದ ಕೌದಿ ಹೊದ್ದವರ ನಿದ್ದಿ ತಿಂತೈತ್ರಿ ಮಾಸ್ತರ್ರ. ಅದರ ಹೊಟ್ಟಿ ತುಂಬಿಸಿ ಕೊಟ್ರ ಮಂದಿನ್ನ ಬೆಚ್ಚಗ ಇಡತೈತಿ” ಎನ್ನುತ್ತಿದ್ದಳು. ನಮ್ಮ ಮನೆಯ ಕೌದಿಯ ಹೋಳಿಗೆಯನ್ನು ಮಾತ್ರ ಇಲಿ ತಿಂದು, ಅಂಬಕ್ಕ ಆ ಕೌದಿಗೆ ಎರಡನೆಯ ಸಲ ಉಣಿಸಬೇಕಾಯಿತು.

ಹೀಗಿರುವಾಗ ರಾಮದುರ್ಗದ ಒಂದು ವಾಡೇದ, ಅಂದರೆ ದೊಡ್ಡಮನೆಯ, ಬಾಯಿಸಾಹೇಬರು ಯಾರದೋ ಮನೆಯಲ್ಲಿ ಫಕೀರವ್ವನ ಕೌದಿ ನೋಡಿ, ತಮ್ಮ ಮಗಳ ಲಗ್ನಕ್ಕೆ ಏಳು ಕೌದಿ ಬೇಕೆಂದು ಹೇಳಿಕಳಿಸಿದರು. ಮಾಘದ ಚಳಿ. ಬೀಗರ ಕಡೆಯ ಹಿರಿಯರು ಲಗ್ನದ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಬಂದಿಳಿಯುವವರು, ಅಷ್ಟರಲ್ಲಿ ಕೌದಿ ಬಂದಿರಬೇಕು. ಚೆನ್ನಾಗಿದ್ದರೆ ಮುಂದೆಯೂ ಹೇಳುತ್ತೇವೆ, ತಡವಾದರೆ ಜಮಖಾನೆ ತರಿಸಿ ಹಾಸುತ್ತೇವೆ, ಆಮೇಲೆ ನಮ್ಮ ಬಾಗಿಲಿಗೆ ಬರಬೇಡಿ ಎಂದು ಒಕ್ಕಣೆ. ಫಕೀರವ್ವ ಒಂದೂವರೆ ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಳು. ಕೊನೆಯ ಕೌದಿಯ ಮೂಲೆ ಮುಚ್ಚಿದ ದಿನ ಅವಳ ಮುಖ ನೋಡಿ ನನಗೂ ಕಣ್ಣು ತುಂಬಿ ಬಂತು. ಆದರೆ ನಾಕೆಯ ಭಯ ಅವಳಿಗೆ. “ಅಲ್ಲಿ ಏನ ಕೇಳತಾರೋ, ನಾ ಏನ ಹೇಳಬೇಕೋ, ನನಗ ತಿಳ್ಯಂಗಿಲ್ರಿ” ಎಂದಳು. ನಾನು ಎದೆ ತಟ್ಟಿಕೊಂಡು, “ನಾ ಬರತೇನಿ ನಡಿ ಫಕೀರವ್ವ. ಕಾಯದೆ ಗೊತ್ತಿದ್ದವರನ್ನ ಅವರು ಮುಟ್ಟಂಗಿಲ್ಲ” ಎಂದೆ. ನಿಜ ಹೇಳಬೇಕೆಂದರೆ ಲಗ್ನದ ಊಟದ ಮೇಲೂ ನನ್ನ ಕಣ್ಣಿತ್ತು. ವಾಡೇದ ಊಟದ ಬಗ್ಗೆ ಸವದತ್ತಿಯಲ್ಲಿಯೂ ಮಾತಾಡಿಕೊಳ್ಳುತ್ತಿದ್ದರು.

ಹೊರಡುವ ಹಿಂದಿನ ದಿನ ನಾನು ದೌತಿ ತೆಗೆದುಕೊಂಡು ಕುಳಿತೆ. ಕಚೇರಿಯ ಮರಾಠಿಯ ಮೋಡಿ ಲಿಪಿಯಲ್ಲಿ ಒಂದು, ಕನ್ನಡದಲ್ಲಿ ಒಂದು, ಹೀಗೆ ಎರಡು ಯಾದಿ. ಸರಕಾರಿ ಕಾಗದವೆಂದರೆ ಅದರಲ್ಲಿ ಏನನ್ನೂ ಮುಚ್ಚಿಡಬಾರದೆಂದು ನನ್ನ ನಂಬಿಕೆ. ಒಳಗೆ ಏನೇನಿದೆ ಹೇಳು ಎಂದೆ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹಳೆಯ ಸೀರೆ, ಹಳೆಯ ಧೋತರ, ಖಣದ ತುಂಡು, ಒಂದು ಸಿಪಾಯಿಯ ಕೋಟಿನ ತೋಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ಮತ್ತೇನು?” ಎಂದೆ. “ಮತ್ತೇನಿಲ್ರಿ, ಹೋಳಿಗಿ” ಎಂದಳು. ನಾನು ದುಂಡಗಿನ ಅಕ್ಷರದಲ್ಲಿ “ಹೋಳಿಗೆ, ಬೇಳೆಯದು, ಏಳು ತುಣುಕು” ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಎಳೆಯುವಾಗ ನನಗಾದ ತೃಪ್ತಿ ಇವತ್ತಿಗೂ ನೆನಪಿದೆ.

ಚಕ್ಕಡಿ ಫಕೀರವ್ವನ ಮೈದುನನದು, ಹೊಡೆಯುವವಳು ಅವಳೇ. ಬೆನ್ನು ಬಗ್ಗದಿದ್ದರೇನು, ಎತ್ತಿನ ಹಗ್ಗ ಹಿಡಿಯಲು ಬೆನ್ನು ಬಗ್ಗಬೇಕಿಲ್ಲ. ಮೊದಲ ದಿನ ತೊರಗಲ್ಲಿನಲ್ಲಿ ಅವಳು ತನ್ನ ಬಳಗದ ಮನೆಯಲ್ಲಿ, ನಾನು ನಮ್ಮ ಪರಿಚಯದವರ ಮನೆಯಲ್ಲಿ ಉಳಿದು, ಬೆಳಗಾಗುತ್ತಲೇ ಹೊರಟೆವು. ಬಿಸಿಲು ಏರುವ ಮೊದಲೇ ಆ ನಾಕೆ ಬಂತು. ನಾಕೇದಾರರು ಸಣ್ಣಗೆ ಒಣಗಿದ ಮನುಷ್ಯ, ಮೂಗಿನ ತುದಿಯಲ್ಲಿ ಚಾಳೀಸು, ಮುಖದಲ್ಲಿ ಸದಾ ಹೆದರಿಕೆ. ಹಿಂದೊಮ್ಮೆ ಯಾರೋ ಮೇವಿನ ಹೊರೆಯೊಳಗೆ ತುಪ್ಪದ ಗಡಿಗೆ ಅಡಗಿಸಿ ದಾಟಿಸಿದ್ದಕ್ಕೆ ಅವರನ್ನು ಕಚೇರಿಯ ಮುಂದೆ ಮೂರು ದಿನ ನಿಲ್ಲಿಸಿದ್ದರಂತೆ. ಅಂದಿನಿಂದ ಅವರು ಯಾವುದನ್ನೂ ನಂಬುತ್ತಿರಲಿಲ್ಲ. ಆದರೂ ಗಂಟನ್ನು ಮೇಲಿಂದ ನೋಡಿ, “ಕೌದಿ ಏನು? ಹಳೇ ಅರಿವಿ. ಹೋಗ್ರಿ” ಎಂದು ಕೈ ಎತ್ತಿದರು. ಬಿದಿರೂ ಮೇಲೆದ್ದಿತು. ಎತ್ತುಗಳು ಹೆಜ್ಜೆ ಕಿತ್ತವು. ಆಗ ನಾನು, “ಸ್ವಲ್ಪ ತಡೀರಿ, ಯಾದಿ ಅದ” ಎಂದು ಕಾಗದ ಮುಂದೆ ಹಿಡಿದೆ.

ಅವರು ಓದಿದರು. ಬಿದಿರು ಕೆಳಗಿಳಿಯಿತು.

“ಮಾಸ್ತರ್ರ, ಇದರಾಗ ಹೋಳಿಗಿ ಅಂತ ಬರದೀರಿ.”

“ಹೌದ್ರಿ. ಇದ್ದದ್ದು ಇದ್ದಂಗ ಬರದೇನಿ.”

“ಹೋಳಿಗ್ಯಾಗ ಬೆಲ್ಲ ಇರ್ತದ. ಬೆಲ್ಲಕ್ಕ ಬ್ಯಾರೆ ಜಕಾತಿ, ಅರಿವಿಗೆ ಬ್ಯಾರೆ. ಅರಿವಿ ತೂಕದ ಮ್ಯಾಲ. ತೂಗಬೇಕಂದ್ರ ಹೋಳಿಗಿ ತೂಕ ಕಳೀಬೇಕು. ಕಳೀಬೇಕಂದ್ರ ಹೋಳಿಗಿ ಹೊರಗ ತಗೀಬೇಕು.” ಹೀಗೆಂದು ಗುಡಿಸಲಿನ ಒಳಗೆ ಹೋಗಿ ಒಂದು ಕತ್ತರಿ ತಂದರು.

ಫಕೀರವ್ವ ಚಕ್ಕಡಿಯಿಂದ ಇಳಿದು ಗಂಟಿನ ಮೇಲೆ ಎರಡೂ ಕೈ ಇಟ್ಟಳು. “ಉಂಡ ಕೌದಿ ಹೊಟ್ಟಿ ಸೀಳಬಾರದ್ರಿ ಸಾಹೇಬ್ರ. ಲಗ್ನದ ಮನಿಗೆ ಹೊಂಟಾವು. ಹೊಟ್ಟಿ ಸೀಳಿದ್ದನ್ನ ಮದಲಗಿತ್ತಿಗೆ ಹೆಂಗ ಹೊಚ್ಚಲಿ? ಜಕಾತಿ ಎಷ್ಟ ಕೇಳತೀರಿ ಕೇಳ್ರಿ, ಕೊಟ್ಟ ಹೋಗತೇನಿ.” ನಾಕೇದಾರರು ಅಷ್ಟೇ ದೀನವಾಗಿ, “ಯವ್ವಾ, ಯಾವುದರ ಜಕಾತಿ ಅಂತ ಗೊತ್ತಾದ್ರಲ್ಲ ನಾ ಕೇಳೂದು?” ಎಂದರು. ಇಬ್ಬರೂ ನನ್ನ ಕಡೆ ನೋಡಿದರು. ಫಕೀರವ್ವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಾಸ್ತರರು ಇದ್ದಾರೆ, ಏನಾದರೂ ಮಾಡುತ್ತಾರೆ ಎಂಬ ಭರವಸೆ ಇತ್ತು. ನನಗೆ ನಿಂತಲ್ಲೇ ಭೂಮಿಗಿಳಿದು ಹೋಗುವಂತಾಯಿತು.

ನಾನು ಕಾಯದೆ ತೆಗೆದೆ. “ಪ್ರವಾಸಿಗನ ಬುತ್ತಿಗೆ ಜಕಾತಿ ಮಾಫಿ ಅಲ್ರೀ?” ಎಂದೆ. ಅವರು ಪುಸ್ತಕ ತಿರುವಿ, ಮಾಫಿ ಎಂದು ಒಪ್ಪಿದರು. “ಹಂಗಾದ್ರ ಈ ಹೋಳಿಗಿ ಬುತ್ತಿ.” “ಯಾರ ಬುತ್ತಿ?” “ಕೌದೀದು.” ಇದು ಬಲವಾದ ವಾದವೆಂದು ನನಗನ್ನಿಸಿತು. ಅವರಿಗೂ ಅನ್ನಿಸಿರಬೇಕು, ಪುಸ್ತಕವನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದರು. ಆಮೇಲೆ ಎದ್ದು, ಗಂಟು ಬಿಚ್ಚಿಸಿ, ಏಳು ಕೌದಿಗಳನ್ನೂ ಹುಣಸೆಮರದ ಕೆಳಗೆ ಸಾಲಾಗಿ ಹಾಸಿಸಿ, ಒಂದೊಂದರ ಮೂಲೆಯನ್ನೂ ವೈದ್ಯರ ಹಾಗೆ ಒತ್ತಿ ನೋಡಿದರು. ಮೂರನೆಯ ಕೌದಿ ಹಾಸಿದಾಗ ನಾನು ಬಗ್ಗಿ ನೋಡಿದೆ. ಅದರ ತುಂಬ ನಾನು ತಲೆಗೆ ಸುತ್ತುತ್ತಿದ್ದ ಜರಿಯಂಚಿನ ರುಮಾಲು. ಆ ರುಮಾಲು ಕಳೆದುಹೋಯಿತೆಂದು ನಾನು ಆರು ತಿಂಗಳಿಂದ ಅಗಸನಿಗೆ ಬೈಯುತ್ತ ಬಂದಿದ್ದೆ. ಈಗ ಅದು ಹದಿನಾರು ತ್ರಿಕೋನಗಳಾಗಿ ನನ್ನ ಮುಂದೆ ಬಿಸಿಲು ಕಾಯಿಸುತ್ತಿತ್ತು. ನಾನು ಫಕೀರವ್ವನನ್ನು ನೋಡಿದೆ. “ನಿಮ್ಮ ಮನಿ ಬಾಯಾರು ಕೊಟ್ರರಿ. ನಿಮಗ ಅದು ಒಪ್ಪಂಗಿಲ್ಲಂತ” ಎಂದಳು. ಈ ವಿಷಯ ಬೆಳೆಸುವ ಹೊತ್ತು ಅದಾಗಿರಲಿಲ್ಲ. ಆ ರುಮಾಲು ನನಗೆ ಒಪ್ಪುತ್ತಿತ್ತು ಎಂದು ಮಾತ್ರ ಇಲ್ಲಿ ಬರೆದಿಡುತ್ತೇನೆ.

ಸೂರ್ಯ ನೆತ್ತಿಗೆ ಬಂದ. ನಾಕೇದಾರರು ಏಳನೆಯ ಮೂಲೆ ಒತ್ತಿ ಮುಗಿಸಿ ಎದ್ದು ನಿಂತರು. ಅವರ ಮುಖದಲ್ಲಿ ಆ ದಿನ ಮೊದಲ ಬಾರಿಗೆ ಧೈರ್ಯ ಕಂಡಿತು.

“ಮಾಸ್ತರ್ರ, ನೀವು ಹೇಳಿದ್ದು ಖರೆ. ಇದು ಉಂಡದ. ಉಂಡದ್ದು ಅಂದಮ್ಯಾಲ ಇದಕ್ಕ ಹೊಟ್ಟಿ ಅದ. ಅರಿವಿಗೆ ಹೊಟ್ಟಿ ಇರಂಗಿಲ್ಲ. ಹಂಗಾದ ಮ್ಯಾಲ ಇದು ಅರಿವಿ ಅಲ್ಲ.”

“ಮತ್ತೇನ್ರಿ?”

“ನನ್ನ ಪುಸ್ತಕದಾಗ ಹೊಟ್ಟಿ ಇದ್ದದ್ದು ಒಂದ ಅದ, ದನಕರ” ಎಂದು ಪುಸ್ತಕದ ಹಿಂಭಾಗ ತೆರೆದರು.

ನಾನು ಪ್ರತಿಭಟಿಸುವ ಮೊದಲೇ ಫಕೀರವ್ವ ಪುಸ್ತಕದ ಎದುರು ಕುಳಿತುಬಿಟ್ಟಿದ್ದಳು. ಕೌದಿ ಎಂದು ಬರೆಯಲಿ, ದನವೆಂದು ಬರೆಯಲಿ, ಕತ್ತರಿ ಗುಡಿಸಲಿಗೆ ಮರಳಿದರೆ ಸಾಕು ಅವಳಿಗೆ. ದನದ ಪುಸ್ತಕದಲ್ಲಿ ಖಾನೆಗಳು ಬಹಳ. ಬಣ್ಣ ಎಂದು ಕೇಳಿದರು. “ಎಲ್ಲಾ ಬಣ್ಣ ಐತ್ರಿ” ಎಂದಳು. ಕೋಡು? “ಇನ್ನೂ ಮೂಡಿಲ್ರಿ.” ಬಾಲ? “ಇಲ್ರಿ, ನಾಕೂ ಕಡೆ ಅಂಚೈತಿ.” ಸುಳಿ? ದನಕ್ಕೆ ಸುಳಿ ನೋಡುವುದು ಮುಖ್ಯ. ಫಕೀರವ್ವ ಹೊಲಿಗೆ ಸುತ್ತಿಬಂದು ನಿಂತ ಜಾಗವನ್ನು ಬೆರಳಿಟ್ಟು ತೋರಿಸಿ, “ನಟ್ಟನಡುವ ಐತಿ ನೋಡ್ರಿ, ಛಲೋ ಸುಳಿ, ಮನಿಗೆ ಒಳ್ಳೇದ” ಎಂದಳು. ನಾಕೇದಾರರು ಬಗ್ಗಿ ನೋಡಿ ತಲೆದೂಗಿದರು. ವಯಸ್ಸು? “ದೊಡ್ಡದಕ್ಕ ಒಂದ ತಿಂಗಳ ದಾಟೇತ್ರಿ. ಸಣ್ಣದು ಮೊನ್ನಿ ಅಮಾಸಿಗಿ ಆತು.”

ಟಾಕು ನಿಂತಿತು. “ಅಂದ್ರ ಇವೆಲ್ಲಾ ಹಾಲುಗರು! ಹಾಲು ಕುಡಿಯೋ ಕರಕ್ಕ ಜಕಾತಿ ಪೂರಾ ಮಾಫಿ!” ಎಂದು ಅವರು ಕೂಗಿದ್ದು ಸಂತೋಷದಿಂದ. ಯಾವುದನ್ನೂ ಕತ್ತರಿಸಬೇಕಿಲ್ಲ, ಯಾವುದನ್ನೂ ತೂಗಬೇಕಿಲ್ಲ. ಪಾಪ, ಆ ಮನುಷ್ಯನಿಗೂ ಕತ್ತರಿ ಹಿಡಿಯುವ ಮನಸ್ಸಿರಲಿಲ್ಲ. ಫಕೀರವ್ವ ಕೌದಿಗಳನ್ನು ಮಡಚತೊಡಗಿದಳು. ನಾನು ಬೆವರೊರೆಸಿಕೊಂಡೆ. ಅಷ್ಟರಲ್ಲಿ ಅವರು ಕೆಳಗಿನ ಇನ್ನೊಂದು ಸಾಲು ಓದಿದರು. ಓದುವ ಚಟವೂ ಕೆಟ್ಟದ್ದೇ. ಹಾಲುಗರು ತಾಯಿಯಿಲ್ಲದೆ ಗಡಿ ದಾಟುವಂತಿಲ್ಲ. ಕಳವಿನ ಕರುಗಳನ್ನು ತಡೆಯುವುದಕ್ಕಾಗಿ ಮಾಡಿದ ನಿಯಮವಂತೆ. ತಾಯಿ ಜೊತೆಗಿದ್ದು, ಅದನ್ನು ಮಾರದೆ ಮರುದಿನ ಮಧ್ಯಾಹ್ನದೊಳಗೆ ಅದೇ ನಾಕೆಯಿಂದ ಹಿಂದಕ್ಕೆ ತಂದರೆ ಅದಕ್ಕೂ ಮಾಫಿ.

“ತಾಯಿ ನಾನ ಅಲ್ರಿ? ನಾನ ಹೊಲದೇನಿ” ಎಂದಳು ಫಕೀರವ್ವ.

“ನೀ ಮಾಲಕಳು. ಮಾಲಕರ ಖಾನೆದಾಗ ನಿನ್ನ ಹೆಸರು ಬರದಾಗೇದ. ಮಾಲಕಳು ಬ್ಯಾರೆ, ಆಕಳ ಬ್ಯಾರೆ.”

ಚಕ್ಕಡಿಯ ಎತ್ತುಗಳನ್ನು ನೋಡಿದರು. ಅವು ನೊಗದ ಖಾನೆಯಲ್ಲಿ ದಾಖಲಾಗಿದ್ದವು. ಹುಣಸೆಮರದ ಕೆಳಗೆ ಇನ್ನು ಯಾವ ಖಾನೆಯಲ್ಲಿಯೂ ಸೇರದೆ ಉಳಿದ ಜೀವಿ ಒಂದೇ ಇತ್ತು. ಅದು ಮೋಡಿಯಲ್ಲೊಂದು, ಕನ್ನಡದಲ್ಲೊಂದು ಯಾದಿ ಹಿಡಿದುಕೊಂಡು ನಿಂತಿತ್ತು.

“ನಾನು ಗಂಡಸು!” ಎಂದೆ. ನಾಕೇದಾರರು ಬೆರಳಿನಿಂದ ಖಾನೆಗಳನ್ನು ಒಂದೊಂದಾಗಿ ತೋರಿಸಿ, “ಗಂಡೋ ಹೆಣ್ಣೋ ಅಂತ ಕೇಳೂ ಖಾನೆ ಇದರಾಗ ಇಲ್ಲ, ನೋಡ್ರಿ” ಎಂದರು. ಆಮೇಲೆ ಬಹಳ ಮೆತ್ತಗೆ, “ಇಲ್ಲಾ ಅಂದ್ರ ಕತ್ತರಿ ಅದ” ಎಂದರು. ಹೊತ್ತು ವಾಲಿತ್ತು. ರಾಮದುರ್ಗ ಇನ್ನೂ ಮೂರು ತಾಸಿನ ಹಾದಿ. ಫಕೀರವ್ವ ಮಡಚಿದ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಮೂರು ತಲೆಮಾರಿನ ಶಾಸ್ತ್ರಿಗಳ ಮುಖಗಳು ನನ್ನ ಕಣ್ಣ ಮುಂದೆ ಬಂದುಹೋದವು. “ಬರಕೊಳ್ರಿ” ಎಂದೆ.

ಬಣ್ಣದ ಬಗ್ಗೆ ಅವರಿಬ್ಬರಲ್ಲಿ ಚರ್ಚೆಯಾಯಿತು. ನಾಕೇದಾರರು ಕಂದು ಎಂದರು, ಫಕೀರವ್ವ ಬಿಸಿಲಿಗೆ ತಿರುಗಿದರೆ ಕರಿ ಎಂದಳು. ನನ್ನ ತಲೆಯ ಮೇಲಿದ್ದ ಹಳೆಯ ರುಮಾಲು ತೆಗೆಸಿ ಸುಳಿ ನೋಡಿದರು. ಎರಡು ಸುಳಿ ಇವೆಯಂತೆ. “ಅದಕ್ಕ ಇಷ್ಟ ಬರೀತಾರ” ಎಂದು ನಾಕೇದಾರರು ತಮ್ಮಷ್ಟಕ್ಕೆ ಹೇಳಿಕೊಂಡರು. ಸ್ವಭಾವದ ಖಾನೆಗೆ ಫಕೀರವ್ವ ಮನಸ್ಸು ಬಿಚ್ಚಿ ಸಾಕ್ಷಿ ನುಡಿದಳು: “ಬಾಳ ಸಾಧು ಐತ್ರಿ. ಹಾಯಂಗಿಲ್ಲ, ಒದಿಯಂಗಿಲ್ಲ. ಯಾರರ ಕರದ್ರ ಅವರ ಹಿಂದ ಹೋಗತೈತಿ, ಅದೊಂದು ಐಬು.” ದಿನಕ್ಕೆ ಎಷ್ಟು ಹಾಲು ಎಂಬ ಖಾನೆ ಬಂದಾಗ ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಅದನ್ನ ಖಾಲಿ ಬಿಡ್ರಿ” ಎಂದಳು. ಮಾಫಿಯಾದ ದನಕ್ಕೆ ಕೆಮ್ಮಣ್ಣಿನ ಗುರುತು ಹಾಕುವುದು ಪದ್ಧತಿ. ಕರುಗಳ ಮೇಲೆ ಹಾಕಿದರೆ ಕೌದಿ ಹಾಳಾಗುತ್ತದೆಂದು, ಏಳರ ಗುರುತನ್ನೂ ತಾಯಿಯ ಮೇಲೇ ಹಾಕಿದರು. ನನ್ನ ಬಿಳಿ ಅಂಗರಖದ ಬೆನ್ನ ಮೇಲೆ ನನ್ನದೂ ಸೇರಿ ಎಂಟು ಗೆರೆ. ಕೆಳಗೆ ಮಾಲಕಳ ಹೆಬ್ಬೆಟ್ಟು ಬಿತ್ತು. ನಾನು ರುಜು ಮಾಡಲು ಟಾಕಿಗೆ ಕೈ ಚಾಚಿದೆ. ದನದ ರುಜು ಬೇಕಿಲ್ಲವೆಂದು ನಾಕೇದಾರರು ಪುಸ್ತಕ ಮುಚ್ಚಿದರು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ವಾಡೇದ ಬಾಗಿಲಲ್ಲಿ ಚಕ್ಕಡಿ ನಿಂತಿತು. ಬೀಗರ ಗಾಡಿಗಳು ಬೀದಿಯ ತಿರುವಿನಲ್ಲಿ ಕಾಣುತ್ತಿದ್ದವು. ಬಾಯಿಸಾಹೇಬರು ಮೊದಲು ಮಾಡಿದ್ದೇ ಕೌದಿಯ ಮೂಲೆ ಹಿಡಿದು ಒತ್ತಿ ನೋಡಿದ್ದು. “ಉಣಿಸೀಯಲ್ಲ?” ಎಂದು ಕೇಳಿದರು. “ಹೊಟ್ಟಿ ತುಂಬ ಉಂಡಾವ್ರಿ ಅವ್ವಾರ” ಎಂದಳು ಫಕೀರವ್ವ. ಅಷ್ಟೂ ಕೌದಿ ಅವರಿಗೆ ಮೆಚ್ಚಿಗೆಯಾದವು, ರುಮಾಲಿನದಂತೂ ಮದುಮಗಳಿಗೇ ಎಂದು ಬೇರೆ ಎತ್ತಿಟ್ಟರು. ಅಂಗಳದಲ್ಲಿ ನೂರಾರು ಜನ. ನನ್ನ ಬೆನ್ನನ್ನು ನೋಡಿದವರು ಇದು ಮನೋಳಿಯ ಕಡೆಯ ಯಾವುದೋ ಸಂಪ್ರದಾಯವಿರಬೇಕೆಂದು ದಾರಿ ಬಿಟ್ಟು ಸರಿಯುತ್ತಿದ್ದರು.

ಮರುದಿನ ಮಧ್ಯಾಹ್ನ ಲಗ್ನದ ಊಟ. ಮಧ್ಯಾಹ್ನದೊಳಗೆ ಆಕಳು ನಾಕೆಯಲ್ಲಿರಬೇಕು. ಬೆಳಿಗ್ಗೆ ಅಡಿಗೆಯವರು ಬೂಂದಿ ಕರಿಯುತ್ತಿದ್ದ ವಾಸನೆ ಬೀದಿಯವರೆಗೂ ಬರುತ್ತಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. “ಹೊತ್ತ ಏರಾಕ ಹತ್ತೈತಿ, ಏರ್ರಿ ಮಾಸ್ತರ್ರ. ಪುಸ್ತಕದಾಗ ನನ್ನ ಹೆಬ್ಬಟ್ಟ ಐತಿ” ಎಂದು ಫಕೀರವ್ವ ಅವಸರ ಮಾಡಿದಳು. ಹಾದಿಯುದ್ದಕ್ಕೂ ಅವಳು ಹಾಡು ಗುನುಗುತ್ತಿದ್ದಳು. ನಾನು ಹಸಿದುಕೊಂಡು ಕೇಳಿದೆ.

ನಾಕೇದಾರರು ಬಿದಿರಿನ ಹತ್ತಿರವೇ ಕಾಯುತ್ತಿದ್ದರು. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವಂತೆ, ಆಕಳು ಬರದೆ ಹೋದರೆ ಏನು ಗತಿ ಎಂದು. ನನ್ನನ್ನು ಒಂದು ಸುತ್ತು ತಿರುಗಿಸಿ, ಬೆನ್ನಿನ ಗುರುತು ನೋಡಿ, ಪುಸ್ತಕದ ಬಣ್ಣ ಸುಳಿಗಳೊಂದಿಗೆ ತಾಳೆ ಹಾಕಿ ನಿಟ್ಟುಸಿರು ಬಿಟ್ಟರು. “ಕರಗೋಳು?” ಎಂದು ಕೇಳಿದರು.

“ಅಷ್ಟೂ ಹೋದೂರಿ. ಇನ್ನ ನಾಕು ಬೇಕಂದಾರ” ಎಂದಳು ಫಕೀರವ್ವ.

“ಬಾಳ ಛಲೋ ಆತು ನೋಡು. ಮತ್ತ ಇದನ್ನ್ಯಾಕ ತಿರುಗಿ ತಂದಿ? ಲಗ್ನದ ಮನಿ, ಅಷ್ಟ ಮಂದಿ ಕೂಡಿರ್ತಾರ. ಮಾರಿಬಿಟ್ಟಿದ್ರ ನಾ ಜಕಾತಿ ಹಾಕಿ ಬರಕೋತಿದ್ದೆ.”

ಫಕೀರವ್ವ ಎತ್ತಿನ ಹಗ್ಗ ಸರಿಮಾಡಿಕೊಳ್ಳುತ್ತ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಯಾರೂ ಕೇಳಲಿಲ್ರಿ.”

ಆಕಳೆಂದು ಬರೆಸಿಕೊಂಡದ್ದಕ್ಕೆ ನನಗೆ ಈಗ ಏನೂ ಬೇಸರವಿಲ್ಲ. ಒಳ್ಳೆಯ ಕೆಲಸಕ್ಕಾಗಿ ಆದದ್ದು ಅದು. ಊಟ ತಪ್ಪಿದ್ದನ್ನೂ ಮರೆತಿದ್ದೇನೆ. ಆದರೆ ಅವತ್ತು ಸಂಜೆಯಿಂದ ಬೆಳಗಿನವರೆಗೆ ನಾನು ಆ ವಾಡೇದ ಅಂಗಳದಲ್ಲಿಯೇ ಇದ್ದೆ. ಬಂದವರೆಲ್ಲ ನನ್ನ ಬೆನ್ನನ್ನು ಚೆನ್ನಾಗಿ ನೋಡಿದ್ದರು. ಕೊಳ್ಳುವುದು ಬೇಡ, ಸುಮ್ಮನೆ ಬಾಯಿಮಾತಿಗಾದರೂ ಒಬ್ಬರು ಕೇಳಬಹುದಿತ್ತು.